ನಿಯಮಕ್ಕೊಪ್ಪುವ ಪುಸ್ತಕ: ಕೂಡಿ ಓದಿದವರ ಕಥೆ

ಕಳೆದ ಯುಗಾದಿಯ ಮರುವಾರ ನಮ್ಮ ಸಂಘದ ಪುಸ್ತಕ ಭಂಡಾರದ ಉಪಸಮಿತಿ ಒಂದು ಸುತ್ತೋಲೆ ಹೊರಡಿಸಿದ್ದು ಸದಸ್ಯ ಬಂಧುಗಳಿಗೆ ನೆನಪಿರಬಹುದು. ಒಂದು ವರ್ಷದಲ್ಲಿ ಹನ್ನೆರಡು ಕನ್ನಡ ಪುಸ್ತಕ ಓದಬೇಕು. ಅವುಗಳಲ್ಲಿ 1950ಕ್ಕೂ ಹಿಂದಿನದು ಒಂದು, ಲೇಖಕಿಯರದು ಒಂದು, ಅನುವಾದ ಒಂದು, ವಿಜ್ಞಾನ ಒಂದು, ಓದುಗರ ಸ್ವಂತ ಜಿಲ್ಲೆಗೆ ಸಂಬಂಧಿಸಿದ್ದು ಒಂದು. ಉಳಿದವು ಅವರವರ ಇಷ್ಟ. ಯಾವ ಪುಸ್ತಕವೂ 150 ಪುಟಕ್ಕೆ ಕಡಿಮೆಯಿರಬಾರದು. ಮುಗಿಸಿದವರಿಗೆ ವಾರ್ಷಿಕೋತ್ಸವದಲ್ಲಿ ಪ್ರಶಸ್ತಿ ಪತ್ರ. ಹದಿನಾಲ್ಕು ಮನೆಗಳು ಉತ್ಸಾಹದಿಂದ ಹೆಸರು ಕೊಟ್ಟವು.

ಮೊದಲ ಸಭೆಯಲ್ಲೇ ತಕರಾರು ಶುರುವಾಯಿತು. ತೇಜಸ್ವಿಯವರ ‘ಕರ್ವಾಲೊ’ವನ್ನು ವಿಜ್ಞಾನದ ಲೆಕ್ಕಕ್ಕೆ ಹಿಡಿಯಬಹುದೇ? ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಪುಸ್ತಕ ವಿಜ್ಞಾನವಲ್ಲದೆ ಮತ್ತೇನು ಎಂದರು ಒಬ್ಬರು. ಅದು ಕಾದಂಬರಿ ಸ್ವಾಮಿ ಎಂದರು ಇನ್ನೊಬ್ಬರು. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಅನುವಾದವೇ, ಸ್ವತಂತ್ರ ಕಾವ್ಯವೇ? ಅಷ್ಟು ತೆಳುವಾದ ಪುಸ್ತಕ ಪುಟದ ನಿಯಮದಲ್ಲಿ ಪಾಸಾಗುವುದೇ? ನಂಜನಗೂಡು ತಿರುಮಲಾಂಬರ ಕಾದಂಬರಿ ಓದಿದರೆ ಹಳೆಯ ಪುಸ್ತಕವೆಂದು ಒಂದು, ಲೇಖಕಿಯದೆಂದು ಒಂದು, ಹೀಗೆ ಎರಡು ಕಡೆ ಬರೆದುಕೊಳ್ಳಬಹುದೇ?

ನಾನು ಕೇಂದ್ರ ಸರಕಾರದ ಗುಮಾಸ್ತ. ಓದಿದ್ದು ಬಿ.ಎಸ್‌ಸಿ., ಬಾಳಿದ್ದು ನಿಯಮಾವಳಿಯ ನಡುವೆ. ಆದುದರಿಂದ ತೀರ್ಮಾನ ಮಾಡುವ ಕೆಲಸ ನನ್ನ ತಲೆಗೆ ಬಂತು. ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಹಿಂದೆ ಇಂಥ ಪ್ರಸಂಗ ಬಂದಿತ್ತೇ, ಬಂದಿದ್ದರೆ ಹಿಂದಿನವರು ಏನು ಮಾಡಿದರು ಎಂದು ಹಳೆಯ ಕಡತ ನೋಡದೆ ಯಾರೂ ಟಿಪ್ಪಣಿ ಬರೆಯುವುದಿಲ್ಲ. ನಾನೂ ಹಾಗೆಯೇ ಹಳೆಯ ಕಡತ ಹುಡುಕುತ್ತ ಹೊರಟೆ. ಅದು ನಾನು ಎಣಿಸಿದ್ದಕ್ಕಿಂತ ದಪ್ಪವಾಗಿತ್ತು.

ನಮ್ಮ ಹಿರಿಯರ ಕಟ್ಟಳೆ

ನಿಯಮ ಹಾಕಿಕೊಂಡು ಕೂಡಿ ಓದುವುದು ನಮಗೆ ಹೊಸದಲ್ಲ. ಭಾಗವತ ಸಪ್ತಾಹವೆಂದರೆ ಏಳು ದಿನಗಳಲ್ಲಿ ಮುಗಿಯಬೇಕು. ನವರಾತ್ರಿಯ ರಾಮಾಯಣ ಪಾರಾಯಣಕ್ಕೆ ಒಂಬತ್ತು ದಿನ. ಯಾವ ದಿನ ಎಲ್ಲಿಯವರೆಗೆ ಓದಬೇಕು, ಎಲ್ಲಿ ನಿಲ್ಲಿಸಬಾರದು ಎಂಬುದೆಲ್ಲ ಗೊತ್ತಾದ ಸಂಗತಿ. ಊರ ಗುಡಿಯಲ್ಲಿ ಕುಮಾರವ್ಯಾಸನ ಭಾರತವನ್ನು ಒಬ್ಬರು ವಾಚನ ಮಾಡಿ ಇನ್ನೊಬ್ಬರು ಅರ್ಥ ಹೇಳುವಾಗ, ಕೇಳುತ್ತ ಕುಳಿತವರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿ ಎಂದು ಯಾರೂ ಎಣಿಸಲಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಕೀರ್ತಿ ನಮಗೆಲ್ಲ ಗೊತ್ತಿದೆ. ಒಂದೇ ಪುಸ್ತಕ ಸಾವಿರ ಕಡೆ ಇರಲಿ ಎಂಬ ಯೋಚನೆ ಅಷ್ಟು ಹಳೆಯದು.

ಆದರೆ ಇಲ್ಲೆಲ್ಲ ಗ್ರಂಥ ಮೊದಲೇ ನಿಶ್ಚಯವಾಗಿತ್ತು. ಯಾವ ಪುಸ್ತಕ, ಯಾರು ಆರಿಸಬೇಕು, ಎಷ್ಟು ದಿನದಲ್ಲಿ, ಯಾವ ಲೆಕ್ಕದಲ್ಲಿ ಎಂಬ ಚರ್ಚೆ ದೊಡ್ಡದಾಗಿ ನಡೆದದ್ದು ಅಮೆರಿಕದ ಒಂದು ಸರೋವರದ ದಂಡೆಯಲ್ಲಿ.

ಷಟಾಕ್ವದ ನಾಲ್ಕು ವರ್ಷ

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಷಟಾಕ್ವ ಎಂಬ ಸರೋವರವಿದೆ. 1874ರಲ್ಲಿ ಅಲ್ಲಿ ಭಾನುವಾರದ ಶಾಲೆಗಳ ಉಪಾಧ್ಯಾಯರಿಗಾಗಿ ಒಂದು ಬೇಸಿಗೆ ಶಿಬಿರ ಆರಂಭವಾಯಿತು. ನಡೆಸಿದವರು ಇಬ್ಬರು. ಒಬ್ಬರು ಲ್ಯೂಯಿಸ್ ಮಿಲ್ಲರ್, ಕೃಷಿಯಂತ್ರಗಳ ತಯಾರಕ. ವಿಜ್ಞಾನಿ ಎಡಿಸನ್ ಮುಂದೆ ಇವರಿಗೇ ಅಳಿಯನಾದ. ಇನ್ನೊಬ್ಬರು ಜಾನ್ ಹೇಲ್ ವಿನ್ಸೆಂಟ್ ಎಂಬ ಪಾದ್ರಿ. ವಿನ್ಸೆಂಟರಿಗೆ ಕಾಲೇಜಿನ ಓದು ದಕ್ಕಿರಲಿಲ್ಲ. ಆ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ತನ್ನಂತೆಯೇ ಹೊಲ, ಅಂಗಡಿ, ಅಡುಗೆಮನೆಗಳಲ್ಲಿ ಸಿಕ್ಕಿಬಿದ್ದವರು ದೇಶದಲ್ಲಿ ಎಷ್ಟು ಲಕ್ಷ ಜನರಿರಬೇಕೆಂದು ಯೋಚಿಸಿದ ಅವರು 1878ರ ಆಗಸ್ಟ್ 10ರಂದು ‘ಷಟಾಕ್ವ ಸಾಹಿತ್ಯ ಮತ್ತು ವಿಜ್ಞಾನ ವಲಯ’ವನ್ನು ಘೋಷಿಸಿದರು.

ಯೋಜನೆ ಸರಳವಾಗಿತ್ತು. ನಾಲ್ಕು ವರ್ಷದ ಓದು. ವರ್ಷ ವರ್ಷಕ್ಕೂ ಗೊತ್ತುಮಾಡಿದ ಪುಸ್ತಕಗಳ ಪಟ್ಟಿ. ದಿನಕ್ಕೆ ಸುಮಾರು 40 ನಿಮಿಷ ಓದಿದರೆ ಸಾಕು. ವರ್ಷದ ಶುಲ್ಕ ಅರ್ಧ ಡಾಲರ್. ಊರಿನಲ್ಲಿ ನಾಲ್ಕು ಜನ ಸಿಕ್ಕಿದರೆ ಕೂಡಿ ವಲಯ ಮಾಡಿಕೊಳ್ಳಬಹುದು; ಸಿಕ್ಕದಿದ್ದರೆ ಒಬ್ಬರೇ ಓದಬಹುದು. ಪ್ರಶ್ನೆಗಳ ಹಾಳೆ ಬರುತ್ತಿತ್ತು, ಆದರೆ ಅದು ಪರೀಕ್ಷೆಯಲ್ಲ. ಮನೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು. ಪಟ್ಟಿಗಿಂತ ಹೆಚ್ಚು ಓದಿದವರ ಪ್ರಶಸ್ತಿ ಪತ್ರಕ್ಕೆ ಹೆಚ್ಚಿನ ಮುದ್ರೆಗಳು.

ಮೊದಲ ವರ್ಷದಲ್ಲೇ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ಅವರು ಓದಬೇಕಾಗಿದ್ದ ಪುಸ್ತಕಗಳಲ್ಲಿ ಒಂದು ಜೆ.ಆರ್. ಗ್ರೀನ್ ಬರೆದ ಇಂಗ್ಲಿಷ್ ಜನತೆಯ ಸಂಕ್ಷಿಪ್ತ ಇತಿಹಾಸ. ಹೆಸರು ಸಂಕ್ಷಿಪ್ತ, ಪುಟಗಳು ಎಂಟುನೂರಕ್ಕೂ ಮೇಲೆ! ಹಸು ಕರೆದು, ರೊಟ್ಟಿ ಸುಟ್ಟು, ಮಕ್ಕಳನ್ನು ಮಲಗಿಸಿ, ದೀಪದ ಬೆಳಕಿನಲ್ಲಿ ಈ ಪುಸ್ತಕವನ್ನು ಹಿಡಿದು ಕುಳಿತ ಗೃಹಿಣಿಯರನ್ನು ಊಹಿಸಿಕೊಳ್ಳಿ. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರೇ. ವಲಯಗಳಲ್ಲಿ ಬಹುಪಾಲು ಸಣ್ಣ ಊರುಗಳವು. ಕಾಲೇಜಿನ ಬಾಗಿಲು ಹೆಂಗಸರಿಗೆ ಅಷ್ಟಾಗಿ ತೆರೆಯದಿದ್ದ ಕಾಲದಲ್ಲಿ ಅಂಚೆಯಲ್ಲಿ ಬಂದ ಈ ಪಟ್ಟಿಯೇ ಅವರ ಕಾಲೇಜಾಯಿತು. ಇಂಥ ಅನೇಕ ವಲಯಗಳಿಂದ ಮುಂದೆ ಆಯಾ ಊರಿನ ಸಾರ್ವಜನಿಕ ಗ್ರಂಥಾಲಯಗಳು ಹುಟ್ಟಿಕೊಂಡವು.

ಪುಸ್ತಕ ಆರಿಸುವವರಿಗೆ ಒಂದು ತೊಡಕು ಎದುರಾಯಿತು. ಕಾಲೇಜಿನ ಓದೆಂದರೆ ಆಗ ಗ್ರೀಕ್, ಲ್ಯಾಟಿನ್. ಈ ಓದುಗರಿಗೆ ಎರಡೂ ಬಾರದು. ಭಾಷೆ ಬಾರದವರನ್ನು ಬಿಟ್ಟುಬಿಡುವುದೇ? ವಿಲಿಯಂ ಕ್ಲೀವರ್ ವಿಲ್ಕಿನ್‌ಸನ್ ಎಂಬ ಪ್ರಾಧ್ಯಾಪಕರಿಂದ ಗ್ರೀಕ್ ಹಾಗೂ ಲ್ಯಾಟಿನ್ ಸಾಹಿತ್ಯವನ್ನು ಇಂಗ್ಲಿಷಿನಲ್ಲಿ ಪರಿಚಯಿಸುವ ಪುಸ್ತಕಗಳನ್ನೇ ಬರೆಸಿದರು. ಇದು ಸಾರವೇ ಹೊರತು ಮೂಲವಲ್ಲ, ಬೆಲ್ಲ ತಿನ್ನದೆ ಬೆಲ್ಲದ ವರ್ಣನೆ ಕೇಳಿದಂತೆ ಎಂದು ಆಕ್ಷೇಪಿಸುವುದು ಸುಲಭ. ಆ ಮಾತಿನಲ್ಲಿ ನಿಜವೂ ಇದೆ. ಆದರೆ ಹೋಮರನ ಹೆಸರೇ ಕೇಳದ ಮನೆಯೊಳಗೆ ಹೋಮರ್ ಬಂದದ್ದು ಈ ದಾರಿಯಲ್ಲೇ.

ನಾಲ್ಕು ವರ್ಷದ ಬಳಿಕ, 1882ರಲ್ಲಿ, ಮೊದಲ ತಂಡ ಓದು ಮುಗಿಸಿತು. ಮುಗಿಸಿದವರಿಗಾಗಿ ಮಾತ್ರ ತೆರೆಯುವ ಒಂದು ಹೊಂಬಣ್ಣದ ಬಾಗಿಲು. ಅದರೊಳಗೆ ನಡೆದು ಬರುವವರ ದಾರಿಯಲ್ಲಿ ಪುಟ್ಟ ಹುಡುಗಿಯರು ಹೂ ಚೆಲ್ಲುತ್ತಿದ್ದರು. ಆ ವಿಧಿ ಇಂದಿಗೂ ನಡೆದುಬಂದಿದೆ. ಎಂಟು ಸಾವಿರದಲ್ಲಿ ಮುಗಿಸಿದವರ ಸಂಖ್ಯೆ ಎರಡು ಸಾವಿರವನ್ನು ಮುಟ್ಟಲಿಲ್ಲ. ಇದನ್ನು ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಏಕೆಂದರೆ ನಮ್ಮ ಹದಿನಾಲ್ಕು ಮನೆಗಳಲ್ಲಿ ದಸರೆಯ ಹೊತ್ತಿಗೆ ಉಳಿದಿದ್ದವು ಐದು.

ಅವರನ್ನು ಹಿಡಿದಿಟ್ಟ ಶಕ್ತಿ ಯಾವುದು ಎಂದು ನೋಡಿದರೆ ಕೇಟ್ ಕಿಂಬಾಲ್ ಎಂಬ ಹೆಸರು ಕಾಣುತ್ತದೆ. ಹದಿನೆಂಟರ ಹರೆಯದಲ್ಲಿ ವಲಯದ ಕಚೇರಿ ಸೇರಿದ ಈಕೆ ಸುಮಾರು ನಾಲ್ಕು ದಶಕ ಅದರ ಕಾರ್ಯದರ್ಶಿಯಾಗಿ ದುಡಿದರು. ದೂರದ ಓದುಗರಿಗೆ ಪತ್ರ ಬರೆಯುವುದು, ಹಿಂದೆ ಬಿದ್ದವರನ್ನು ವಿಚಾರಿಸುವುದು, ಲೆಕ್ಕ ಇಡುವುದು. ವೇದಿಕೆಯ ಭಾಷಣಗಳನ್ನು ಜನ ಮರೆತಿರಬಹುದು. ಗುಮಾಸ್ತ ಕೆಲಸದ ಬೆಲೆ ಬಲ್ಲ ನನಗೆ ಈಕೆಯೇ ಆ ಸಂಸ್ಥೆಯ ಬೆನ್ನೆಲುಬಾಗಿ ತೋರುತ್ತಾರೆ.

ಆರಿಸುವವರು ಯಾರು?

1926ರಲ್ಲಿ ನ್ಯೂಯಾರ್ಕಿನಲ್ಲಿ ಹ್ಯಾರಿ ಷರ್ಮನ್ ‘ತಿಂಗಳ ಪುಸ್ತಕ ಕ್ಲಬ್’ ಆರಂಭಿಸಿದರು. ಐವರು ತೀರ್ಪುಗಾರರು ಆರಿಸಿದ ಪುಸ್ತಕ ತಿಂಗಳಿಗೊಂದು ಅಂಚೆಯಲ್ಲಿ ಬರುತ್ತಿತ್ತು. ಮೊದಲ ಆಯ್ಕೆ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಅವರ ‘ಲಾಲಿ ವಿಲ್ಲೋಸ್’. ಅವಿವಾಹಿತ ಮಹಿಳೆಯೊಬ್ಬಳು ಬಂಧುಗಳ ಮನೆ ಬಿಟ್ಟು ಹೋಗಿ ಮಾಟಗಾತಿಯಾಗುವ ಕಥೆ. 4,750 ಸದಸ್ಯರಲ್ಲಿ ಬಹಳ ಜನ ಪುಸ್ತಕವನ್ನು ಹಿಂದಿರುಗಿಸಿದರು! ತರುವಾಯ ಆಯ್ಕೆಯನ್ನು ಮೊದಲೇ ತಿಳಿಸಿ, ಒಲ್ಲದವರು ಬೇರೊಂದನ್ನು ತರಿಸಿಕೊಳ್ಳುವ ಏರ್ಪಾಡು ಮಾಡಬೇಕಾಯಿತು.

ಇಂಗ್ಲೆಂಡಿನಲ್ಲಿ 1936ರಲ್ಲಿ ಪ್ರಕಾಶಕ ವಿಕ್ಟರ್ ಗೊಲಾಂಜ್ ‘ಎಡಪಂಥೀಯ ಪುಸ್ತಕ ಕ್ಲಬ್’ ಕಟ್ಟಿದರು. ಗೊಲಾಂಜ್, ಹೆರಾಲ್ಡ್ ಲಾಸ್ಕಿ, ಜಾನ್ ಸ್ಟ್ರೇಚಿ ಎಂಬ ಮೂವರೇ ಆರಿಸುವವರು. ತಿಂಗಳಿಗೆ ಎರಡೂವರೆ ಷಿಲಿಂಗಿಗೆ ಒಂದು ಪುಸ್ತಕ; ಊರೂರಿನಲ್ಲಿ ಚರ್ಚಾಕೂಟಗಳು. 1939ರ ವೇಳೆಗೆ ಸದಸ್ಯರು 57,000. ಫ್ಯಾಸಿಸಂ ವಿರುದ್ಧ ಜನರನ್ನು ಎಚ್ಚರಿಸುವ ಗುರಿ ದೊಡ್ಡದೇ. ಆದರೆ ಗುರಿಗೆ ತಕ್ಕ ಪುಸ್ತಕ ಮಾತ್ರ ಬೇಕೆಂದಾಗ ಲೇಖಕನ ಗತಿ ಏನು? 1937ರಲ್ಲಿ ಜಾರ್ಜ್ ಆರ್ವೆಲ್‌ರ ‘ದಿ ರೋಡ್ ಟು ವಿಗನ್ ಪಿಯರ್’ ಅನ್ನು ಸದಸ್ಯರಿಗೆ ಹಂಚುವಾಗ, ಅದರ ಎರಡನೆಯ ಭಾಗಕ್ಕೆ ತಮ್ಮ ಭಿನ್ನಾಭಿಪ್ರಾಯ ತಿಳಿಸಿ ಗೊಲಾಂಜ್ ಸ್ವತಃ ಮುನ್ನುಡಿ ಬರೆದರು. ಸ್ಪೇನಿನ ಅಂತರ್ಯುದ್ಧದ ಬಗೆಗಿನ ಆರ್ವೆಲ್‌ರ ಮುಂದಿನ ಪುಸ್ತಕವನ್ನು ಅವರು ಪ್ರಕಟಿಸಲೇ ಇಲ್ಲ. ಅದು 1938ರಲ್ಲಿ ಬೇರೆ ಪ್ರಕಾಶಕರಿಂದ ಬಂತು. 1939ರ ಆಗಸ್ಟಿನಲ್ಲಿ ಜರ್ಮನಿ ಮತ್ತು ರಷ್ಯ ಒಪ್ಪಂದಕ್ಕೆ ಸಹಿ ಹಾಕಿದಾಗ ಕ್ಲಬ್ಬಿನ ಬುಡವೇ ಅಲುಗಿತು. 1948ರಲ್ಲಿ ಅದು ಮುಚ್ಚಿಹೋಯಿತು.

ಈಚಿನ ಕಾಲಕ್ಕೆ ಬಂದರೆ, 1998ರಲ್ಲಿ ಸಿಯಾಟಲ್ ನಗರದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್, ಊರೆಲ್ಲ ಒಂದೇ ಪುಸ್ತಕ ಓದಿದರೆ ಹೇಗೆ ಎಂಬ ಯೋಜನೆ ತಂದರು. ರಸೆಲ್ ಬ್ಯಾಂಕ್ಸ್ ಬರೆದ ಒಂದು ಕಾದಂಬರಿಯಿಂದ ಅದು ಆರಂಭವಾಯಿತು. 2001ರಲ್ಲಿ ಷಿಕಾಗೊ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿತು. 2002ರಲ್ಲಿ ನ್ಯೂಯಾರ್ಕ್ ಅದನ್ನೇ ಮಾಡಹೊರಟಿತು. ಕೊರಿಯ ಮೂಲದ ಅಮೆರಿಕನ್ ಲೇಖಕರ ಪುಸ್ತಕವೋ, ಕರಿಯ ತಂದೆ ಮತ್ತು ಬಿಳಿಯ ತಾಯಿಯ ಮಗನ ಆತ್ಮಕಥನವೋ, ಯಾವುದು ಯಾರಿಗೆ ನೋವುಂಟುಮಾಡೀತು ಎಂದು ವಾದ ಬೆಳೆದು ಸಮಿತಿಯೇ ಒಡೆಯಿತು. ನೂರಾರು ಭಾಷೆಗಳ ಊರಿಗೆ ಒಂದು ಪುಸ್ತಕ ಹೊಂದುವುದು ಕಷ್ಟವೇ ಸರಿ. ಇಲ್ಲಿ, ಬೇರೆ ಭಾಷೆಯ ನಗರದಲ್ಲಿ, ಧಾರವಾಡ, ಮಂಗಳೂರು, ಮೈಸೂರು, ಕಲಬುರ್ಗಿಗಳಿಂದ ಬಂದು ಸೇರಿದ ನಮ್ಮ ಹದಿನಾಲ್ಕು ಮನೆಗಳಿಗೇ ಹೊಂದಲಿಲ್ಲ!

ನಮ್ಮವರ ಪಟ್ಟಿಗಳು

ಕನ್ನಡ ಸಾಹಿತ್ಯ ಪರಿಷತ್ತು ನಡೆಸಿಕೊಂಡು ಬಂದ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಗೊತ್ತಾದ ಪಠ್ಯಪುಸ್ತಕಗಳಿವೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಈ ಕ್ರಮ ಷಟಾಕ್ವದ ಕ್ರಮಕ್ಕೆ ತೀರ ದೂರವಲ್ಲ. ವ್ಯತ್ಯಾಸವೆಂದರೆ ಇಲ್ಲಿ ಪುಸ್ತಕ ಮುಚ್ಚಿಟ್ಟು ಉತ್ತರ ಬರೆಯಬೇಕು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ವರ್ಷದ ಚಂದಾ ಕೊಟ್ಟ ಓದುಗರ ಮನೆಗೆ ಪುಸ್ತಕಗಳನ್ನು ಕಳಿಸುತ್ತಿತ್ತು. ಹೊಸ ಲೇಖಕರು ಆ ದಾರಿಯಿಂದ ಮನೆ ಮನೆ ತಲುಪಿದರು.

ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಬರೆದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅವುಗಳಲ್ಲಿ ಎರಡರ ತಾತ್ಪರ್ಯ. ನಮ್ಮ ಸುತ್ತೋಲೆಯಲ್ಲಿ ಪುಸ್ತಕದ ವಿಚಾರ ಐದು ನಿಯಮಗಳಿದ್ದವು. ಓದುವವರ ವಿಚಾರ ಒಂದೂ ಇರಲಿಲ್ಲ.

ಇದು ನನಗೆ ಹೊಳೆದದ್ದು ಸಭೆಯಲ್ಲಲ್ಲ, ಮನೆಯಲ್ಲಿ. ನನ್ನ ಮಗಳು ಈ ಊರಿನಲ್ಲೇ ಹುಟ್ಟಿದವಳು. ಕನ್ನಡ ಸರಾಗವಾಗಿ ಮಾತಾಡುತ್ತಾಳೆ. ಓದುವಾಗ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ. ತಾನಾಗಿಯೇ ಹೆಸರು ಕೊಟ್ಟಿದ್ದಳು. ಶ್ರಾವಣದ ಹೊತ್ತಿಗೆ ಮೊದಲ ಪುಸ್ತಕದ ಅರ್ಧಕ್ಕೂ ಬಂದಿರಲಿಲ್ಲ. ಒಂದು ರಾತ್ರಿ, “ಅಪ್ಪಾ, ನನ್ನ ಹೆಸರು ತೆಗೆಸಿಬಿಡು, ಎಲ್ಲರೂ ಎಷ್ಟಾಯಿತು ಅಂತ ಕೇಳುತ್ತಾರೆ” ಎಂದಳು. ನಾನು ಸುತ್ತೋಲೆಯ ಪ್ರತಿಯನ್ನು ಮತ್ತೊಮ್ಮೆ ಓದಿದೆ. ಪುಟದ ನಿಯಮ ಸೂಚಿಸಿದವನು ನಾನೇ. ತೆಳು ಪುಸ್ತಕ ಓದಿ ಮೋಸ ಮಾಡಬಾರದೆಂದು ಹಾಕಿದ ಬೇಲಿ ನನ್ನ ಮಗಳನ್ನೇ ಹೊರಗೆ ನಿಲ್ಲಿಸಿತ್ತು.

ಅಂದಿನಿಂದ ರಾತ್ರಿ ಊಟವಾದ ಮೇಲೆ ನಾನು ಓದುತ್ತೇನೆ, ಅವಳು ಪುಟದ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಾಳೆ. ಒಂದು ಪುಟ ನನ್ನದು, ಒಂದು ಪ್ಯಾರಾ ಅವಳದು. ಕಾರಂತರ ‘ಬಾಲಪ್ರಪಂಚ’ದಿಂದ ಆರಂಭಿಸಿದೆವು. ಈಗ ‘ಕರ್ವಾಲೊ’ ನಡೆಯುತ್ತಿದೆ. ಮಂದಣ್ಣನ ಮಾತು ಬಂದಾಗ ಪ್ಯಾರಾ ಮುಗಿದರೂ ಪುಸ್ತಕ ಬಿಟ್ಟುಕೊಡುವುದಿಲ್ಲ.

ಆದುದರಿಂದ ಬರುವ ತಿಂಗಳ ಸಭೆಯ ಮುಂದೆ ನಾನು ಇಡಲಿರುವ ತಿದ್ದುಪಡಿಗಳು ಇವು. ಪುಟದ ನಿಯಮವನ್ನು ರದ್ದು ಮಾಡುವುದು. ಗಟ್ಟಿಯಾಗಿ ಓದಿಸಿಕೊಂಡು ಕೇಳಿದ್ದನ್ನೂ ಓದೆಂದೇ ಎಣಿಸುವುದು. ಕುಮಾರವ್ಯಾಸನ ಭಾರತ ಕೇಳಿದ ನಮ್ಮ ಹಿರಿಯರಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಹನ್ನೆರಡರಲ್ಲಿ ಎರಡು ಪುಸ್ತಕ ಎಲ್ಲರಿಗೂ ಸಮಾನ, ಉಳಿದವು ಅವರವರ ಆಯ್ಕೆ. ಒಂದು ಪುಸ್ತಕ ಯಾವ ಲೆಕ್ಕಕ್ಕೆ ಸೇರಬೇಕೆಂಬುದನ್ನು ಓದಿದವರೇ ಹೇಳಲಿ, ಏಕೆಂದು ಎರಡು ಮಾತಿನಲ್ಲಿ ಬರೆದುಕೊಡಲಿ. ‘ಕರ್ವಾಲೊ’ ವಿಜ್ಞಾನವೆಂದು ಒಬ್ಬರು ಬರೆದರೆ ಆ ಎರಡು ಮಾತು ಓದಲು ನನಗಂತೂ ಆಸೆ. ಕೊನೆಯದಾಗಿ, ಕೇಟ್ ಕಿಂಬಾಲ್ ಮಾಡಿದಂತೆ ಹಿಂದೆ ಬಿದ್ದ ಮನೆಗಳಿಗೆ ತಿಂಗಳಿಗೊಮ್ಮೆ ಯಾರಾದರೂ ಫೋನ್ ಮಾಡಿ ವಿಚಾರಿಸುವುದು. ಆ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಬಿಟ್ಟುಹೋದ ಒಂಬತ್ತು ಮನೆಗಳವರೂ ದಯವಿಟ್ಟು ಸಭೆಗೆ ಬರಬೇಕು. ಅರ್ಧ ಓದಿದ ಪುಸ್ತಕವನ್ನೂ ಜೊತೆಗೆ ತನ್ನಿ.