ಮಂಗನ ಕಾಯಿಲೆಯ ವೈರಸ್ ಎಷ್ಟು ಬದಲಾಗಿದೆ?

ಮಂಗನ ಕಾಯಿಲೆ ಲಸಿಕೆ ಯಾಕೆ ಸೋತಿತು ಅಂತ ಕೇಳಿದಾಗಲೆಲ್ಲ ನನಗೆ ಸಿಗೋ ಉತ್ತರ: 'ವೈರಸ್ ಬದಲಾಗಿದೆ.' ಲೆಕ್ಕ ನೋಡೋಣ.

ಉಣುಗು ಕಚ್ಚಿ ಹರಡುವ ಈ ಆರ್‌ಎನ್‌ಎ ವೈರಸ್ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಪತ್ತೆಯಾಯಿತು. ಅಲ್ಲಿಂದ 2006ರವರೆಗಿನ 48 ಮಾದರಿಗಳ ಜೀನ್ ಭಾಗಗಳನ್ನು ಹೋಲಿಸಿದಾಗ ಕಂಡ ವ್ಯತ್ಯಾಸ ಹೆಚ್ಚೆಂದರೆ ಶೇ 1.2. ಪ್ರೋಟೀನ್ ಮಟ್ಟದಲ್ಲಿ ಅದಕ್ಕಿಂತಲೂ ಕಡಿಮೆ. ಈಚಿನ ಮಾದರಿಗಳಲ್ಲಿ ವ್ಯತ್ಯಾಸ ಕೊಂಚ ಹೆಚ್ಚಿದೆ, ನಿಜ.

ಆದರೆ ಹಳೇ ತಳಿಯ ಆ ಲಸಿಕೆಗೆ ಎರಡು ಡೋಸ್ ಸಾಲುತ್ತಿರಲಿಲ್ಲ, ಪದೇ ಪದೇ ಬೂಸ್ಟರ್ ಬೇಕಿತ್ತು. ಅದು ಎಲ್ಲರಿಗೂ ತಲುಪಲಿಲ್ಲ. 2022ರಲ್ಲಿ ಲಸಿಕೆಯೇ ನಿಂತಿತು. ಹಾಗಾಗಿ ತಪ್ಪನ್ನೆಲ್ಲ ವೈರಸ್ ತಲೆಗೆ ಕಟ್ಟೋದು ಬೇಡ. ಹೊಸ ಲಸಿಕೆ ಬರುವ ಮೊದಲೇ ಪ್ರತಿ ವರ್ಷದ ಜೀನೋಮ್ ಮಾಹಿತಿ ಸಾರ್ವಜನಿಕವಾಗಲಿ ಅಂತ ಸರ್ಕಾರವನ್ನು ಕೇಳೋಣ.