ಕರಗಿಹೋದ ಲೋಹದ ಕೆಲಸ: ಇಂಧನಕೋಶದ ಪ್ಲಾಟಿನಂ ಮಿಶ್ರಲೋಹಗಳ ಚರಿತ್ರೆ

ಜಲಜನಕದ ಇಂಧನಕೋಶದಲ್ಲಿ ಕಷ್ಟವೆಲ್ಲ ಇರುವುದು ಆಮ್ಲಜನಕದ ಕಡೆಗೆ. ಪ್ಲಾಟಿನಂ ತಾಕಿದೊಡನೆ ಜಲಜನಕದ ಅಣು ಬಿಡಿಯಾಗುತ್ತದೆ. ಆಮ್ಲಜನಕ ಹಾಗಲ್ಲ. ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್ ಪಡೆದು ನೀರಾಗುವ ದಾರಿಯಲ್ಲಿ ಅದು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡುಬಿಡುತ್ತದೆ. ಲೆಕ್ಕದ ಪ್ರಕಾರ ಸಿಗಬೇಕಾದ 1.23 ವೋಲ್ಟ್‌ನಲ್ಲಿ ಸುಮಾರು 0.3 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಪ್ಲಾಟಿನಂ ಜೊತೆಗೆ ನಿಕಲ್, ಕೋಬಾಲ್ಟ್‌ಗಳನ್ನು ಬೆರೆಸಿದ್ದು ಈ ಅಂಟನ್ನು ತುಸು ಸಡಿಲಿಸಲಿಕ್ಕೆ. ಈ ಪ್ರಯತ್ನದ ಚರಿತ್ರೆಯನ್ನು ಸಾಮಾನ್ಯವಾಗಿ ಏರುತ್ತಹೋದ ಅಂಕಿಗಳ ಮೂಲಕ ಹೇಳುತ್ತಾರೆ. ನನಗೆ ಅದರ ನಿಜವಾದ ಎಳೆ ಬೇರೆಡೆ ಕಾಣುತ್ತದೆ: ಬೆರೆಸಿದ ಲೋಹ ಆಮ್ಲದಲ್ಲಿ ಕರಗಿಹೋಗುವುದನ್ನು ಸಂಶೋಧಕರು ಹೇಗೆ ಅರ್ಥಮಾಡಿಕೊಂಡರು ಎಂಬುದರಲ್ಲಿ.

ವಿಲಿಯಂ ಗ್ರೋವ್ 1842ರಲ್ಲಿ ವಿವರಿಸಿದ ಅನಿಲ ಬ್ಯಾಟರಿಯಲ್ಲಾಗಲಿ, 1965ರಲ್ಲಿ ಜೆಮಿನಿ 5 ನೌಕೆಯೊಡನೆ ಅಂತರಿಕ್ಷಕ್ಕೇರಿದ ಕೋಶದಲ್ಲಾಗಲಿ ದುಡಿದದ್ದು ಪ್ಲಾಟಿನಮ್ಮೇ. 1986ರ ಹೊತ್ತಿಗೆ ಲಾಸ್ ಅಲಾಮೋಸ್‌ನಲ್ಲಿ ಇಯಾನ್ ರೈಸ್ಟ್ರಿಕ್ ಇಂಗಾಲದ ಮೇಲೆ ಕೂರಿಸಿದ ಪ್ಲಾಟಿನಂ ಕಣಗಳ ನಡುವೆ ಕೋಶದಲ್ಲಿ ಪ್ರೋಟಾನ್ ಸಾಗಿಸುವ ಪೊರೆಯ ಪಾಲಿಮರನ್ನೇ ದ್ರಾವಣವಾಗಿ ಇಳಿಸಿದರು. ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಿದ್ದ ಕಡೆ 0.4 ಸಾಕಾಯಿತು. ಇನ್ನೂ ಇಳಿಸಬೇಕೆಂದರೆ ಲೋಹದ ಗುಣವನ್ನೇ ಬದಲಿಸಬೇಕಿತ್ತು.

ಆ ಕೆಲಸ ಅಷ್ಟರಲ್ಲಾಗಲೇ ಫಾಸ್ಫಾರಿಕ್ ಆಮ್ಲದ ಕೋಶಗಳಲ್ಲಿ ಶುರುವಾಗಿತ್ತು. ಮಿಶ್ರಲೋಹದಲ್ಲಿ ಪ್ಲಾಟಿನಂ ಪರಮಾಣುಗಳು ಒಂದಕ್ಕೊಂದು ಹತ್ತಿರ ಸರಿಯುವುದರಿಂದಲೇ ಕ್ರಿಯೆ ಚುರುಕಾಗುತ್ತದೆ ಎಂದು ಜಾಲನ್ ಮತ್ತು ಟೇಲರ್ 1983ರಲ್ಲಿ ವಾದಿಸಿದರು. ಇದಕ್ಕೆ ಬಲವಾದ ಆಕ್ಷೇಪ 1988ರಲ್ಲಿ ಬಂತು. ಪ್ಯಾಫೆಟ್, ಬೀರಿ, ಗೊಟ್ಟೆಸ್‌ಫೆಲ್ಡ್ ಅವರು ಪ್ಲಾಟಿನಂ-ಕ್ರೋಮಿಯಂ ಪರೀಕ್ಷಿಸಿ, ಕ್ರೋಮಿಯಂ ಕರಗಿ ಮೇಲ್ಮೈ ತರಿತರಿಯಾದದ್ದೇ ಲಾಭಕ್ಕೆ ಕಾರಣವಿರಬೇಕು ಎಂದರು. ಕರಗುವಿಕೆ ಇಲ್ಲಿ ಲೆಕ್ಕವನ್ನು ಕೆಡಿಸುವ ದೋಷವಾಗಿ ಮಾತ್ರ ಕಂಡಿತ್ತು. 1990ರ ದಶಕದಲ್ಲಿ ಸಂಜೀವ್ ಮುಖರ್ಜಿ, ಸುಪ್ರಮಣಿಯಂ ಶ್ರೀನಿವಾಸನ್ ಮತ್ತು ಸಂಗಡಿಗರು ಕ್ಷ-ಕಿರಣ ಹೀರಿಕೆಯ ಅಳತೆಗಳಿಂದ ಪರಮಾಣುಗಳ ನಡುವಿನ ಅಂತರ ಕುಗ್ಗಿರುವುದನ್ನೂ ಎಲೆಕ್ಟ್ರಾನ್ ವಿನ್ಯಾಸ ಬದಲಾಗಿರುವುದನ್ನೂ ತೋರಿಸಿದ ಮೇಲೆ ಜಾಲನ್ ಅವರ ಮಾತಿಗೆ ಮತ್ತೆ ತೂಕ ಬಂತು.

ತಿರುವು ಬಂದದ್ದು 1999ರಲ್ಲಿ, ಜಪಾನಿನ ಯಮನಾಶಿಯಲ್ಲಿ. ಟೋಡಾ, ವತಾನಬೆ ಮತ್ತಿತರರು ಕಬ್ಬಿಣ, ಕೋಬಾಲ್ಟ್, ನಿಕಲ್ ಬೆರೆತ ತೆಳುಪದರಗಳನ್ನು ಆಮ್ಲದಲ್ಲಿ ದುಡಿಸಿ ನೋಡಿದಾಗ ಮೇಲ್ಮೈಯಲ್ಲಿ ಬೆರಕೆ ಲೋಹದ ಸುಳಿವೇ ಇರಲಿಲ್ಲ. ಇದ್ದದ್ದು ಕೆಲವೇ ಪರಮಾಣು ದಪ್ಪದ ಪ್ಲಾಟಿನಂ ಚರ್ಮ. ಆದರೂ ಶುದ್ಧ ಪ್ಲಾಟಿನಂಗಿಂತ ಹತ್ತು ಪಟ್ಟಿಗೂ ಮೀರಿದ ಚುರುಕು! ಆಮ್ಲಜನಕ ಮುಟ್ಟುವುದು ಪ್ಲಾಟಿನಮ್ಮನ್ನು ಮಾತ್ರ. ಅದರ ಹಿಡಿತವನ್ನು ಸಡಿಲಿಸುವುದು ಕೆಳಗೆ ಅವಿತ ಲೋಹ. ಯಮನಾಶಿಯ ಈ ಪ್ರಬಂಧಕ್ಕೆ ಚರಿತ್ರೆಯಲ್ಲಿ ಇನ್ನೂ ದೊಡ್ಡ ಸ್ಥಾನ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. 2004ರಲ್ಲಿ ನಾರ್ಸ್ಕೊವ್ ಬಳಗದ ಗಣನೆಗಳು ಆ ಹಿಡಿತ ಎಷ್ಟು ಸಡಿಲವಾಗಬೇಕೆಂದು ತೋರಿಸಿದವು. 2007ರಲ್ಲಿ ಸ್ಟಾಮೆನ್ಕೊವಿಚ್ ಮತ್ತು ಮಾರ್ಕೊವಿಚ್ ಬಳಗ ಪ್ಲಾಟಿನಂ-ನಿಕಲ್ ಏಕಹರಳಿನ ಪದರಗಳನ್ನೇ ಒಂದೊಂದಾಗಿ ಎಣಿಸಿತು: ಮೊದಲನೆಯದು ಪೂರ್ತಿ ಪ್ಲಾಟಿನಂ, ಎರಡನೆಯದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನಿಕಲ್.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಈ ಹುಡುಕಾಟದಲ್ಲಿತ್ತು. ಎ. ಕೆ. ಶುಕ್ಲಾ, ಎಂ. ಎಸ್. ಹೆಗಡೆ ಮತ್ತು ಸಂಗಡಿಗರು 2001ರಲ್ಲಿ ಮೆಥನಾಲ್ ಕೋಶಕ್ಕಾಗಿ ಮಾಡಿದ ಮಿಶ್ರಲೋಹಗಳಲ್ಲಿ ಪ್ಲಾಟಿನಂ ಎಷ್ಟು ಲೋಹವಾಗಿ ಉಳಿದಿದೆ, ಎಷ್ಟು ಆಕ್ಸೈಡ್ ಆಗಿದೆ ಎಂದು ಅಳೆದರು. ಮೇಲ್ಮೈಯನ್ನೇ ಪ್ರಶ್ನಿಸಬೇಕೆಂಬ ಎಚ್ಚರ ಆ ಕೆಲಸದಲ್ಲಿದೆ.

ಕರಗುವಿಕೆ ಸುಲಭವಾಗಿ ಕಣ್ಣಿಗೆ ಬೀಳದ್ದೇಕೆಂದು ತಿಳಿಯಲು, ಚುರುಕಿನ ಅಳತೆ ಪ್ರಯೋಗಶಾಲೆಯಲ್ಲಿ ಹೇಗೆ ನಡೆಯುತ್ತದೆಂದು ಒಮ್ಮೆ ನೋಡಬೇಕು. ಕಪ್ಪು ಪುಡಿಯನ್ನು ದ್ರಾವಕದಲ್ಲಿ ಕಲಕಿ ಶಾಯಿ ಮಾಡುತ್ತಾರೆ. 5 ಮಿಲಿಮೀಟರ್ ಅಗಲದ ಗಾಜಿಂಗಾಲದ ಬಿಲ್ಲೆಯ ಮೇಲೆ ಒಂದು ಹನಿ ಇಟ್ಟು ಒಣಗಿಸಿ, ಆಮ್ಲಜನಕ ತುಂಬಿದ ಪರ್ಕ್ಲೋರಿಕ್ ಆಮ್ಲದಲ್ಲಿ ನಿಮಿಷಕ್ಕೆ 1600 ಸುತ್ತು ತಿರುಗಿಸಿ, 0.9 ವೋಲ್ಟ್‌ನಲ್ಲಿ ಹರಿಯುವ ವಿದ್ಯುತ್ತನ್ನು ಓದುತ್ತಾರೆ. ಹನಿ ಅಂಚಿಗೆ ಸರಿದು ಉಂಗುರದಂತೆ ಒಣಗಿದರೆ ಅಳತೆಯೇ ತಪ್ಪುತ್ತದೆ. ಕರಗಿದ ಲೋಹ ಈ ಧಾರಾಳ ಆಮ್ಲದಲ್ಲಿ ಕಾಣದಂತೆ ಬೆರೆತುಹೋಗುತ್ತದೆ. ನಿಜವಾದ ಕೋಶದಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಕೋಬಾಲ್ಟ್ ಅಯಾನುಗಳು ಪೊರೆಯೊಳಗೆ ಸೇರಿ ಪ್ರೋಟಾನ್ ಕೂರಬೇಕಾದ ಜಾಗ ಹಿಡಿಯುತ್ತವೆ. ಹಾಗಾಗಿಯೇ ಪುಡಿಯನ್ನು ಕೋಶಕ್ಕೆ ಹಾಕುವ ಮುನ್ನ ಆಮ್ಲದಲ್ಲಿ ತೊಳೆಯುವ ಕ್ರಮ ಬಂತು.

ಆ ತೊಳೆತವೇ ಮುಂದೆ ತಯಾರಿಕೆಯ ವಿಧಾನವಾಯಿತು. ಪೀಟರ್ ಸ್ಟ್ರಾಸರ್ ಬಳಗ ತಾಮ್ರ ಹೆಚ್ಚಿದ ಕಣದಿಂದ ಬೇಕೆಂದೇ ತಾಮ್ರವನ್ನು ಕರಗಿಸಿತು. ಉಳಿದ ಪ್ಲಾಟಿನಂ ಸಿಪ್ಪೆ ಬಿಗಿದುಕೊಂಡೇ ಚುರುಕಾಗುತ್ತದೆ ಎಂದು 2010ರಲ್ಲಿ ತೋರಿಸಿತು. 2014ರಲ್ಲಿ ಪೈಡಾಂಗ್ ಯಾಂಗ್ ಮತ್ತು ಸ್ಟಾಮೆನ್ಕೊವಿಚ್ ಬಳಗಗಳು ನಿಕಲ್ ಹೆಚ್ಚಿದ ಬಹುಮುಖಿ ಕಣಗಳ ಒಡಲು ಕರಗಿ, 24 ಅಂಚುಗಳ ಚೌಕಟ್ಟಷ್ಟೇ ಉಳಿದದ್ದನ್ನು ಪ್ರಕಟಿಸಿದವು. ಒಳಗೂ ಹೊರಗೂ ಮೇಲ್ಮೈಯೇ!

ಅದೇ ವರ್ಷದ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಮಿರಾಯ್ ಕಾರಿನ ಕ್ಯಾಥೋಡ್‌ನಲ್ಲಿ, ಅಂದರೆ ಆಮ್ಲಜನಕದ ಕಡೆ, ಇದ್ದದ್ದು ಮಾತ್ರ ಪ್ಲಾಟಿನಂ-ಕೋಬಾಲ್ಟ್. ಅದಕ್ಕೆ ಒಂದು ವರ್ಷ ಮುಂಚೆ, 2013ರಲ್ಲಿ, ಕಾರ್ನೆಲ್‌ನ ಅಬ್ರುನ್ಯಾ ಬಳಗ 700 ಡಿಗ್ರಿಯಲ್ಲಿ ಕಾಯಿಸಿ ಪ್ಲಾಟಿನಂ, ಕೋಬಾಲ್ಟ್ ಪರಮಾಣುಗಳನ್ನು ಕ್ರಮವಾದ ಸಾಲುಗಳಲ್ಲಿ ಕೂರಿಸಿತ್ತು. ಹಾಗೆ ಸಾಲುಗೂಡಿದ ಕೋಬಾಲ್ಟ್ ಸುಲಭವಾಗಿ ಕರಗುವುದಿಲ್ಲ.