ಕೀಲು

ರಾಯಚೂರು ಜಿಲ್ಲೆಯ ಗಬ್ಬೂರಿನ ಕಡೆ ಮನೆಬಾಗಿಲಿಗೆ ಬೀಗ ಹಾಕುವುದಿಲ್ಲ, ಕೀಲಿ ಹಾಕುತ್ತಾರೆ. ಭುಜ ಜಾರಿದರೆ ‘ಕೀಲು ಸರದದ’, ಮೊಣಕಾಲು ಮಡಚಲು ಬಾರದಿದ್ದರೆ ‘ಕೀಲು ಹಿಡದದ’. ದೇವದುರ್ಗ, ಮಾನ್ವಿಗಳಿಂದ ಗಾಯಾಳುಗಳು ಬಂದಿಳಿಯುವ ರಾಯಚೂರಿನ ಆಸ್ಪತ್ರೆಗಳಲ್ಲಿ, ಎಲುಬಿನ ಚಿಕಿತ್ಸೆ ಕಲಿಯುವ ಎಳೆಯ ವೈದ್ಯರ ಕಿವಿಗೆ ಮೊದಲು ಬೀಳುವುದು ಈ ಪದವೇ.

ಮೂಲ ಸಂಸ್ಕೃತದ ‘ಕೀಲ’. ಅರ್ಥ ಗೂಟ, ಮೊಳೆ. ಉರ್ದುವಿನಲ್ಲಿ ಕೀಲ್ ಈಗಲೂ ಮೊಳೆಯೇ. ಮರಾಠಿಯ ಕಿಲ್ಲಿ ನಮ್ಮ ಕೀಲಿಕೈ. ಅಲುಗದಂತೆ ಹಿಡಿಯುವ ಗೂಟದ ಹೆಸರು ಸದಾ ಅಲುಗುವ ಸಂದಿಗೆ ಬಂದದ್ದು ಹೇಗೆ? ಉತ್ತರ ಬಂಡಿಯ ಕಡೆಗೀಲಿನಲ್ಲಿದೆ ಎಂದು ನನಗೆ ತೋರುತ್ತದೆ. ಅಚ್ಚಿನ ತುದಿಯ ಆ ಕಬ್ಬಿಣದ ತುಂಡು ಗಾಲಿ ಕಳಚದಂತೆ ತಡೆಯುತ್ತದೆ, ತಿರುಗದಂತೆ ತಡೆಯುವುದಿಲ್ಲ. ದೇಹದ ಸಂದಿಯ ಕೆಲಸವೂ ಅದೇ.

ಪದ ವೈದ್ಯಕ್ಕೆ ಹೊಸದಾಗಿ ಬಂದದ್ದಲ್ಲ. ಸುಶ್ರುತಸಂಹಿತೆ ಪೆಟ್ಟನ್ನು ಎರಡಾಗಿ ಬೇರ್ಪಡಿಸುತ್ತದೆ: ಸಂದು ತಪ್ಪಿದ್ದು ಸಂಧಿಮುಕ್ತ, ಎಲುಬು ಮುರಿದದ್ದು ಕಾಂಡಭಗ್ನ. ತೊಡೆ, ಕಣಕಾಲು ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ ಕಟ್ಟಲು ಅದು ಹೇಳುವುದು ಐದು ಕೀಲಕಗಳನ್ನು, ಅಂದರೆ ಗೂಟಗಳನ್ನು. ಸಂದಿನ ಆಚೆ ಈಚೆ ಎರಡೆರಡು, ಅಂಗಾಲಿನ ಬಳಿ ಒಂದು. ಮುರಿದ ಜಾಗವಷ್ಟೇ ಅಲ್ಲ, ಅದರ ಮೇಲಿನ ಮತ್ತು ಕೆಳಗಿನ ಕೀಲುಗಳೂ ಅಲುಗಬಾರದು ಎಂಬ ಇಂದಿನ ಪಾಠದ ಪಕ್ಕ ಇದನ್ನು ಇಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ.

ಹೊರಗಿದ್ದ ಗೂಟ ಮುಂದೆ ಎಲುಬಿನೊಳಗೂ ಹೊಕ್ಕಿತು. 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕುಂಚರ್ ತೊಡೆಯೆಲುಬಿನ ಮಜ್ಜೆಯ ನಾಳಕ್ಕೆ ಉದ್ದನೆಯ ಲೋಹದ ಕಡ್ಡಿ ಕೂರಿಸಿದ. ಅವನು ಕೆಲಸ ಮಾಡುತ್ತಿದ್ದ ಊರು ಕೀಲ್. ನಮ್ಮ ಪದಕ್ಕೂ ಅದಕ್ಕೂ ನಂಟು ಕಟ್ಟಬಾರದು, ಉಚ್ಚಾರ ಮಾತ್ರ ಒಂದೇ. ಮುಂದೆ ಆ ಕಡ್ಡಿಯ ಎರಡೂ ತುದಿಗೆ ಅಡ್ಡ ಸ್ಕ್ರೂ ಬಂದವು. ಎಲುಬು ಕುಗ್ಗುವುದೂ ತಿರುಚುವುದೂ ನಿಂತಿತು. ಗಬ್ಬೂರಿನ ಮಾತಿನಲ್ಲಿ ಹೇಳುವುದಾದರೆ ಅದು ಕೀಲಿಗೆ ಹಾಕಿದ ಕೀಲಿ.

ಕಲಿಯುವವರು ಸುಶ್ರುತನ ಎರಡು ಬಗೆಗಳನ್ನು ಇಂದಿಗೂ ಬೆರೆಸಬಾರದು. ಉದ್ದೆಲುಬಿನ ನಡುವೆ ಮುರಿದರೆ ಉದ್ದ, ನೇರ, ತಿರುವು ಸರಿಬಂದರೆ ಸಾಮಾನ್ಯವಾಗಿ ಸಾಕು. ಮುರಿತ ಕೀಲಿನ ಮೈಗೆ ಹಾದಿದ್ದರೆ ಆ ನುಣುಪು ಮೈ ಕೂಡಿದಮಟ್ಟಿಗೆ ಮೊದಲಿನಂತೆಯೇ ಜೋಡಿಸಿ, ಕೀಲನ್ನು ಬೇಗ ಆಡಿಸಬೇಕು. ಇಲ್ಲವಾದರೆ ಕೀಲು ಹಿಡಿಯುತ್ತದೆ. ಸೊಂಟದ ಕೀಲು ತಪ್ಪಿದ್ದರೆ ಆರು ಗಂಟೆಯೊಳಗೆ ಕೂರಿಸಲು ನೋಡಬೇಕು, ತಡವಾದಷ್ಟೂ ತೊಡೆಯೆಲುಬಿನ ತಲೆಗೆ ರಕ್ತ ತಪ್ಪುವ ಭಯ ಹೆಚ್ಚು. ಎಲ್ಲಕ್ಕಿಂತ ಮೋಸದ್ದು ಮೊಣಕಾಲು. ಅದು ತಪ್ಪಿ ತಾನಾಗಿಯೇ ಕೂತುಬಿಟ್ಟಿರಬಹುದು, ಎಕ್ಸ್‌ರೇಯಲ್ಲಿ ಎಲ್ಲ ನೆಟ್ಟಗೆ ಕಾಣಬಹುದು, ಹಿಂಬದಿಯ ರಕ್ತನಾಳ ಮಾತ್ರ ಹರಿದಿರಬಹುದು. ‘ಕೀಲು ಸರದಿತ್ತು, ತಾನೇ ಕುಂತದ’ ಎಂದು ಗಾಯಾಳು ಅಂದರೆ ಕೂಡಲೇ ಪಾದದ ನಾಡಿ ಹಿಡಿದು ನೋಡಬೇಕು. ನಾಡಿ ಸಿಕ್ಕಿದರೂ ಗಂಟೆಗಂಟೆಗೆ ಮತ್ತೆ ನೋಡುತ್ತಿರಬೇಕು.